ಗಡಿಕಲ್ಲಿಲ್ಲದ ಕಡಲು

ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಹತ್ತಿದವರು ಬಲ್ಲರು: 1,454 ಮೀಟರ್ ಎತ್ತರದ ಆ ನೆತ್ತಿಯಿಂದ ನೋಡಿದಾಗ, ಮಂಜು ಕವಿದ ಕಣಿವೆಗಳು ಕಡಲಿನಂತೆಯೇ ತೋರುತ್ತವೆ. ಆ ಮಂಜಿನಡಿಯ ಕಾಡಿನಲ್ಲಿ, ಬೆಟ್ಟಕ್ಕೆ ಬಹುದೂರವಲ್ಲದ ಒಂದೆಡೆ, ಕರ್ನಾಟಕ, ಕೇರಳ, ತಮಿಳುನಾಡುಗಳು ಸಂಧಿಸುತ್ತವೆ. ಆನೆಗಳು ಆ ಗಡಿಯನ್ನರಿಯವು. ಮನುಷ್ಯನಿಗಾದರೋ ಗುರುತುಗಳುಂಟು, ಬಂಡೀಪುರ, ಮುದುಮಲೆಗಳ ನಡುವೆ ಮೋಯಾರ್ ಹೊಳೆಯೇ ಹರಿಯುತ್ತದೆ.

ಕಡಲಿನಲ್ಲಿಯೂ ಇಂಥದೊಂದು ಸಂಧಿಯಿದೆ. 1976ರ ಜುಲೈನಲ್ಲಿ ಭಾರತ, ಶ್ರೀಲಂಕಾ, ಮಾಲ್ಡೀವ್ಸ್ ಮೂರೂ ಒಪ್ಪಿ ಮನ್ನಾರ್ ಕೊಲ್ಲಿಯಲ್ಲಿ ಒಂದು ಬಿಂದುವನ್ನು ಗೊತ್ತುಪಡಿಸಿದವು. ಅಲ್ಲಿ ಕಲ್ಲಿಲ್ಲ, ಹೊಳೆಯಿಲ್ಲ. ಇರುವುದು ಅಕ್ಷಾಂಶ, ರೇಖಾಂಶಗಳ ಅಂಕೆಗಳಷ್ಟೆ.

ಕಡಲ ಗಡಿಯನ್ನು ಅಳೆಯುವುದು ನೆಲದಿಂದ. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಷ್ಟ್ರದ ಕಡಲು. 200 ಮೈಲಿಯವರೆಗೆ ಅದರ ಆರ್ಥಿಕ ವಲಯ. ಹೀಗಿರುವುದರಿಂದ ಒಂದು ಸಣ್ಣ ದಿಬ್ಬವೂ ದೊಡ್ಡ ನೀರಿನ ಒಡೆತನಕ್ಕೆ ಆಧಾರವಾಗಬಲ್ಲದು. 1970ರ ಚಂಡಮಾರುತದ ಬಳಿಕ ಬಂಗಾಳ ಕೊಲ್ಲಿಯಲ್ಲಿ ತಲೆಯೆತ್ತಿದ ಮರಳದಿಬ್ಬವೊಂದಕ್ಕಾಗಿ ಭಾರತ, ಬಾಂಗ್ಲಾದೇಶಗಳು ದಶಕಗಳ ಕಾಲ ವಾದಿಸಿದವು. ಆ ದಿಬ್ಬವನ್ನು ಕಡಲೇ ನುಂಗಿತು. ಕಡಲ ಗಡಿಯ ತೀರ್ಪು ಬಂದದ್ದು 2014ರಲ್ಲಿ.

ಕಚ್ಚತೀವು ಇನ್ನೊಂದು ಬಗೆಯ ಕತೆ. ಸುಮಾರು 285 ಎಕರೆಯ ಈ ದ್ವೀಪ 1974ರ ಒಪ್ಪಂದದಂತೆ ಶ್ರೀಲಂಕಾದ ಕಡೆಗಾಯಿತು. ಭಾರತದ ಮೀನುಗಾರರೂ ಯಾತ್ರಿಕರೂ ಮೊದಲಿನಂತೆ ಅಲ್ಲಿಗೆ ಹೋಗಿಬರಬಹುದೆಂದು ಒಪ್ಪಂದವೇ ಹೇಳಿತು. ಆದರೆ 1976ರಲ್ಲಿ ನಡೆದ ಪತ್ರವ್ಯವಹಾರ, ಒಬ್ಬರ ಕಡಲಿನಲ್ಲಿ ಮತ್ತೊಬ್ಬರು ಮೀನು ಹಿಡಿಯಬಾರದೆಂದು ನಿಶ್ಚಯಿಸಿತು. ಅಂತೋಣಿಯವರ ಇಗರ್ಜಿಯ ಹಬ್ಬಕ್ಕೆ ಹೋಗಬಹುದು. ಅದರ ಸುತ್ತಣ ನೀರಿಗೆ ಬಲೆ ಬೀಸುವಂತಿಲ್ಲ. ಪಾಕ್ ಜಲಸಂಧಿಯ ಆಚೆ ಈಚೆ ಎರಡು ದಡಗಳಲ್ಲಿಯೂ ತಮಿಳೇ ಮಾತು. ಈ ದಡದವರ ಅಳಲು ಬಂಧನ, ದೋಣಿಗಳ ಜಪ್ತಿ. ಆ ದಡದವರ ಅಳಲು ಯಾಂತ್ರಿಕ ದೋಣಿಗಳು ತಮ್ಮ ಬಲೆಗಳನ್ನು ಹರಿದು, ತಳದ ಮೀನನ್ನೂ ಗೋರಿ ಒಯ್ಯುವುದು. ಎರಡೂ ಸುಳ್ಳಲ್ಲ.

ಇದು ನಮಗೆ ದೂರದ ಮಾತೆಂದು ನಾನು ಭಾವಿಸಲಾರೆ. ಸಂವಿಧಾನದ ಪ್ರಕಾರ ರಾಷ್ಟ್ರದ ಕಡಲೊಳಗಿನ ಮೀನುಗಾರಿಕೆ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು, ಅದರಾಚೆಯದು ಕೇಂದ್ರಕ್ಕೆ. ಕರ್ನಾಟಕವೂ 1986ರಲ್ಲಿ ಸ್ವಂತ ಕಾಯಿದೆ ಮಾಡಿತು. ಕಾರವಾರದ ದೋಣಿ ಮೀನಿನ ಹಿಂಡನ್ನು ಅನುಸರಿಸಿ ಗೋವೆಯತ್ತ ಸಾಗಿದರೆ, ಅಲೆಯ ಮೇಲೆ ಯಾವ ನಾಮಫಲಕವೂ ಎದುರಾಗದು.

ಗಡಿ ಬೇಡವೆಂದು ನನ್ನ ವಾದವಲ್ಲ. ಗಡಿಯಿಲ್ಲದಿದ್ದರೆ ಬಲವಿದ್ದವನದೇ ಕಡಲಾದೀತು. ಆದರೆ ಕತ್ತಲಲ್ಲಿ, ಗಾಳಿಗೆ ಸಿಕ್ಕಿ, ಕಾಣದ ಗೆರೆಯನ್ನು ದಾಟಿದ ಬಡವನನ್ನು ಶತ್ರುವೆಂದು ಎಣಿಸದಷ್ಟು ವಿವೇಕ ಗೆರೆಯೆಳೆದವರಲ್ಲಿ ಇರಬೇಕು. ದಂಡ ವಿಧಿಸುವ ಮೊದಲು, ಅವನು ಕೊಳ್ಳೆಗೆ ಬಂದನೋ ಕೂಳಿಗೆ ಬಂದನೋ ಎಂಬುದನ್ನಾದರೂ ಕೇಳಬೇಡವೆ?