ಶಾಲೆಯ ದಾರಿಯೂ ಶಿಕ್ಷಣದ ಭಾಗ



ಮಕ್ಕಳು ಶಾಲೆಯಲ್ಲಿ ಏನು ಕಲಿಯುತ್ತಾರೆ ಎಂದು ನಾವು ಪ್ರತಿ ವರ್ಷ ಚರ್ಚಿಸುತ್ತೇವೆ. ಅವರು ಶಾಲೆಯನ್ನು ಹೇಗೆ ತಲುಪುತ್ತಾರೆ ಎಂದು ಕೇಳುವವರು ಕಡಿಮೆ.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಂ ಬೆಳೆದದ್ದು 1898ರ ಪ್ಲೇಗಿನ ನಂತರ. ಇವು ಮೋಟಾರು ವಾಹನಗಳ ಕಾಲಕ್ಕೆ ಮುಂಚೆಯೇ, ನಡೆಯುವ ಜನರಿಗಾಗಿ ಗೆರೆ ಎಳೆದ ಬಡಾವಣೆಗಳು. ನೇರ ರಸ್ತೆಗಳು, ಹತ್ತಿರದಲ್ಲೇ ಅಡ್ಡರಸ್ತೆಗಳು, ನೆರಳಿಗೆ ಸಾಲುಮರಗಳು. ಒಂದು ದಾರಿಯಲ್ಲಿ ಅಡಚಣೆಯಾದರೆ ಮಗುವಿಗೆ ಪಕ್ಕದ ದಾರಿ ಇದ್ದೇ ಇರುತ್ತದೆ.

ಆದರೂ ಕೂಗಳತೆಯ ಶಾಲೆಗೆ ಮಕ್ಕಳನ್ನು ಸ್ಕೂಟರಿನಲ್ಲಿ ಏಕೆ ಬಿಡುತ್ತೇವೆ? ದೂರ ಹೆಚ್ಚಿಲ್ಲ, ದಾರಿ ಕೆಟ್ಟಿದೆ. ಫುಟ್‌ಪಾತಿನ ಮೇಲೆ ಬೈಕು, ಟ್ರಾನ್ಸ್‌ಫಾರ್ಮರು, ಅಂಗಡಿಯ ಸಾಮಾನು ಇದ್ದರೆ ಮಗು ರಸ್ತೆಗೆ ಇಳಿಯಲೇಬೇಕು. ನಿಂತ ಕಾರಿನ ಮರೆಯಲ್ಲಿರುವ ಏಳು ವರ್ಷದ ಮಗು ಚಾಲಕನಿಗೆ ಕಾಣಿಸದು. ಬರುವ ವಾಹನದ ವೇಗವನ್ನು ಸರಿಯಾಗಿ ಅಳೆಯುವ ಶಕ್ತಿ ಆ ವಯಸ್ಸಿಗೆ ಇನ್ನೂ ಬಂದಿರುವುದಿಲ್ಲ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳಂಥ ಏಕಮುಖ ರಸ್ತೆಗಳಲ್ಲಿ ಎದುರಿನಿಂದ ವಾಹನ ಬಾರದ ಕಾರಣ ವೇಗವೂ ಏರುತ್ತದೆ.

ಇದಕ್ಕೆ ಹೆದರಿ ನಾವು ವಾಹನ ತರುತ್ತೇವೆ. ಶಾಲೆಯ ಬಾಗಿಲಲ್ಲಿ ನಮ್ಮ ವಾಹನಗಳೇ ಮುತ್ತಿಕೊಳ್ಳುತ್ತವೆ. ಅವುಗಳ ನಡುವೆ ನುಸುಳಿ ಬರಬೇಕಾದದ್ದು ವಾಹನವಿಲ್ಲದ ಮನೆಯ ಮಗು. ಬಿಟ್ಟುಬರಲು ಯಾರೂ ಇಲ್ಲದ ದಿನ ಎಷ್ಟೋ ಮನೆಗಳಲ್ಲಿ ಶಾಲೆ ತಪ್ಪುವುದು ಹೆಣ್ಣುಮಗುವಿಗೆ. ಹೀಗೆ ಕೆಟ್ಟ ಫುಟ್‌ಪಾತು ಶಿಕ್ಷಣದ ಪ್ರಶ್ನೆಯೂ ಆಗುತ್ತದೆ.

ಕಾನೂನು ನಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆ 1 ಕಿ.ಮೀ. ನಡಿಗೆಯೊಳಗೆ ಇರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಕನಿಷ್ಠ 1.8 ಮೀಟರ್ ಅಗಲದ, ಅಡೆತಡೆಯಿಲ್ಲದ ಫುಟ್‌ಪಾತ್ ಇರಬೇಕೆಂದು ಹೇಳಿದೆ. ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ನಮ್ಮ ಹಕ್ಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು.

ಆದ್ದರಿಂದ ಒಂದು ಕೋರಿಕೆ. ಈ ವಾರ ಒಂದು ದಿನ ನಿಮ್ಮ ಮಗುವಿನ ಜೊತೆ ಶಾಲೆಗೆ ನಡೆಯಿರಿ. ಮಗು ಮುಂದೆ, ನೀವು ಹಿಂದೆ. ಮಗು ಎಲ್ಲೆಲ್ಲಿ ರಸ್ತೆಗೆ ಇಳಿಯಿತು, ಎಲ್ಲಿ ದಾಟಲು ಹಿಂಜರಿಯಿತು ಎಂದು ಬರೆದುಕೊಳ್ಳಿ. ಹತ್ತು ಮನೆಯವರ ಪಟ್ಟಿ ಒಟ್ಟುಗೂಡಿಸಿ, ಶಾಲೆಯ ಮೂಲಕ ನಗರಪಾಲಿಕೆಗೂ ಸಂಚಾರ ಪೊಲೀಸರಿಗೂ ಕೊಡಿ. ವಾಹನ ತರಲೇಬೇಕಾದವರು ಒಂದು ಅಡ್ಡರಸ್ತೆ ಹಿಂದೆಯೇ ನಿಲ್ಲಿಸಿ, ಮಗುವಿನ ಕೈ ಹಿಡಿದು ನಡೆಯಿರಿ.

ಹಿರಿಯರು ನಡೆಯಲು ಬಿಟ್ಟುಹೋದ ದಾರಿ ಇದು. ನಮ್ಮ ಮಕ್ಕಳಿಗೆ ಅದನ್ನು ಉಳಿಸಿಕೊಡುವ ಹೊಣೆ ನಮ್ಮದು.