ಒಂದೂವರೆ ಚಮಚ ರಕ್ತ ಹೇಳುವುದೇನು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಡಾಕ್ಟರಾದ ನಮಗೆ ಇಂಥ ಸಮಾರಂಭಗಳಲ್ಲಿ ಊಟದ ಸಾಲಿನಲ್ಲೇ ರೋಗಿಗಳ ವಿಚಾರಣೆ ಶುರುವಾಗುತ್ತದೆ. ಕಳೆದ ಯುಗಾದಿ ಊಟದ ದಿನ ಗೆಳೆಯರೊಬ್ಬರು ಪಕ್ಕಕ್ಕೆ ಕರೆದು ಕೇಳಿದರು: “ಊರಿನಲ್ಲಿ ಅಮ್ಮನಿಗೆ ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿದೆ. ರಕ್ತದಲ್ಲೇ ಕ್ಯಾನ್ಸರ್ ಕೋಶ ಹುಡುಕಿ ಸರಿಯಾದ ಔಷಧಿ ಹೇಳುತ್ತಾರಂತಲ್ಲ, ಮಾಡಿಸೋಣವೇ?” ಅಂದು ಕೊಟ್ಟ ಅರ್ಧ ಉತ್ತರವನ್ನು ಇಂದು ಪೂರ್ತಿ ಮಾಡುತ್ತೇವೆ.

ಗೆಡ್ಡೆಯಿಂದ ಕಳಚಿದ ಕೋಶಗಳು ರಕ್ತ ಸೇರುತ್ತವೆಂಬುದು ಹೊಸ ಸುದ್ದಿಯಲ್ಲ. 1869ರಲ್ಲೇ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್, ಕ್ಯಾನ್ಸರಿನಿಂದ ತೀರಿಕೊಂಡ ರೋಗಿಯೊಬ್ಬನ ರಕ್ತದಲ್ಲಿ ಗೆಡ್ಡೆಯ ಕೋಶಗಳನ್ನೇ ಹೋಲುವ ಕೋಶಗಳನ್ನು ಕಂಡಿದ್ದರು. ಕಷ್ಟವೆಂದರೆ ಅವು ತೀರ ವಿರಳ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿದ್ದರೆ, ಇವು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ರಾಗಿಯ ಕಣಜದಲ್ಲಿ ಬಿದ್ದ ಸಾಸಿವೆ ಕಾಳಿನ ಹಾಗೆ! ಹುಡುಕುವ ಉಪಾಯ ಸೊಗಸಾಗಿದೆ. ರಕ್ತಕಣಗಳನ್ನು ಬಿಟ್ಟು ಈ ಕೋಶಗಳಿಗೆ ಅಂಟುವ ಪ್ರತಿಕಾಯಗಳಿಗೆ ಕಬ್ಬಿಣದ ಸೂಕ್ಷ್ಮ ಕಣ ಜೋಡಿಸಿ, ಅಯಸ್ಕಾಂತದಿಂದ ಎಳೆದುಕೊಳ್ಳುತ್ತಾರೆ. ಇಂಥ ಸೆಲ್‌ಸರ್ಚ್ ಪರೀಕ್ಷೆಗೆ 2004ರಲ್ಲಿ ಅಮೆರಿಕದ ಎಫ್.ಡಿ.ಎ. ಒಪ್ಪಿಗೆ ಕೊಟ್ಟಿತು.

ಹರಡಿದ ಸ್ತನ ಕ್ಯಾನ್ಸರಿನಲ್ಲಿ 7.5 ಮಿಲಿಲೀಟರ್, ಅಂದರೆ ಒಂದೂವರೆ ಟೀ ಚಮಚ ರಕ್ತದಲ್ಲಿ, 5 ಅಥವಾ ಹೆಚ್ಚು ಕೋಶ ಸಿಕ್ಕರೆ ಮುಂದಿನ ಹಾದಿ ಕಠಿಣವೆಂದು ಅರ್ಥ. ಒಂದು ಸುತ್ತು ಕೀಮೋ ಆದ ಮೇಲೂ ಸಂಖ್ಯೆ ಇಳಿಯದಿದ್ದರೆ ಔಷಧಿ ಬದಲಿಸಿದರಾಯಿತು ಎಂದು ನಾವೂ ಎಣಿಸಿದ್ದೆವು. ಆದರೆ 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹಾಗೆ ಬೇಗ ಕೀಮೋ ಬದಲಿಸಿದವರು ಬದಲಿಸದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಪರೀಕ್ಷೆ ಹೇಳಿದ ಭವಿಷ್ಯ ನಿಜವಾಗಿತ್ತು. ಬದಲಿಗೆ ಕೊಡಲು ಅದಕ್ಕಿಂತ ಒಳ್ಳೆಯ ಕೀಮೋ ನಮ್ಮ ಬತ್ತಳಿಕೆಯಲ್ಲಿರಲಿಲ್ಲ.

ಹಾಗೆಂದು ನಿರಾಶರಾಗಬೇಕಿಲ್ಲ. ಕೋಶಗಳನ್ನು ಎಣಿಸುವುದರ ಜೊತೆಗೆ, ಗೆಡ್ಡೆಯಿಂದ ರಕ್ತಕ್ಕೆ ಸೇರುವ ಡಿ.ಎನ್.ಎ. ತುಣುಕುಗಳನ್ನು ಓದುವುದನ್ನೂ ಕಲಿತಿದ್ದೇವೆ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದೆ ಬೆಳೆದ ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಇ.ಎಸ್.ಆರ್.1 ಎಂಬ ಜೀನ್ ಬದಲಾಗಿರುತ್ತದೆ. ಅದು ರಕ್ತದಲ್ಲಿ ಕಂಡವರಿಗೆಂದು ಎಲಾಸೆಸ್ಟ್ರಾಂಟ್ ಮಾತ್ರೆಗೆ 2023ರಲ್ಲಿ ಎಫ್.ಡಿ.ಎ. ಮಂಜೂರಾತಿ ಸಿಕ್ಕಿತು. ಇಲ್ಲಿ ಪರೀಕ್ಷೆಯ ಹಿಂದೆಯೇ ಔಷಧಿಯೂ ಇದೆ.

ಆದ್ದರಿಂದ ಗೆಳೆಯರಿಗೆ ನಮ್ಮ ಉತ್ತರ ಇದು: ಮೊದಲು ಅಮ್ಮನ ಡಾಕ್ಟರನ್ನು ಕೇಳಿ. “ಫಲಿತಾಂಶ ನೋಡಿ ನೀವು ಚಿಕಿತ್ಸೆ ಬದಲಿಸುತ್ತೀರಾ? ಆ ಔಷಧಿ ಊರಿನಲ್ಲಿ ಸಿಗುತ್ತದೆಯೇ, ಕೈಗೆಟಕುತ್ತದೆಯೇ?” ಹೌದೆಂದರೆ ಖಂಡಿತ ಮಾಡಿಸಿ. ಇಲ್ಲವೆಂದರೆ ಆ ಹಣಕ್ಕೆ ವಿಮಾನದ ಟಿಕೆಟ್ ತೆಗೆದು, ಹತ್ತು ದಿನ ಅಮ್ಮನ ಪಕ್ಕ ಕುಳಿತು ಬನ್ನಿ.

ಇಲ್ಲಿರುವ ಅಕ್ಕತಂಗಿಯರಿಗೂ ಒಂದು ಮಾತು. ಈ ಪರೀಕ್ಷೆಗಳು ಕಾಯಿಲೆ ಇದೆಯೆಂದು ಗೊತ್ತಾದವರಿಗೆ. ಇವನ್ನು ನಂಬಿ ನಿಮ್ಮ ಮ್ಯಾಮೊಗ್ರಾಂ ತಪ್ಪಿಸಬೇಡಿ.