ಬ್ಯಾಂಕಿಗೇ ಪ್ರಶ್ನೆ ಕೇಳುವ ಕೆಲಸ

(ಮಹಿಳಾ ವಿಭಾಗದ ವಾರ್ಷಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)

ಮಹಿಳಾ ವಿಭಾಗದ ಹಿರಿಯರು ಫೋನ್ ಮಾಡಿ, "ನೀನು ಐಟಿಯವಳು, ಸೈಬರ್ ವಂಚನೆ ಬಗ್ಗೆ ಒಂದು ಹದಿನೈದು ನಿಮಿಷ ಮಾತಾಡಮ್ಮ" ಅಂದಿದ್ದರು. ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎನ್ನುವುದನ್ನು ನೀವೆಲ್ಲ ಕೇಳಿ ಕೇಳಿ ಬೇಸತ್ತಿದ್ದೀರಿ. ಹಾಗಾಗಿ ವಿಷಯ ಸ್ವಲ್ಪ ಬದಲಿಸುತ್ತೇನೆಂದು ಅವರ ಒಪ್ಪಿಗೆ ಪಡೆದೆ. ಇವತ್ತು ನಾನು ಹೇಳಬೇಕೆಂದಿರುವುದು ಒಂದು ಉದ್ಯೋಗದ ಬಗ್ಗೆ. ಬ್ಯಾಂಕಿನಲ್ಲಿ ಮಾಡುವ ಕೆಲಸ ಅಲ್ಲ. ಬ್ಯಾಂಕನ್ನು, ವಿಮಾ ಕಂಪನಿಯನ್ನು, ಸಾಲ ಕೊಡುವ ಆ್ಯಪನ್ನು ಎದುರಿಗೆ ಕೂರಿಸಿಕೊಂಡು "ಇದು ಹೀಗೇಕೆ?" ಎಂದು ಗ್ರಾಹಕರ ಪರವಾಗಿ ಕೇಳುವ ಕೆಲಸ.

ಅದಕ್ಕೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ನಾನು ಎಂ.ಟೆಕ್. ಮುಗಿಸಿ ನವಿ ಮುಂಬೈಗೆ ಬಂದು ಹತ್ತು ವರ್ಷ ದಾಟಿತು. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನ ಮೊಬೈಲ್ ಆ್ಯಪ್ ನಮ್ಮ ತಂಡದ ಕೈಯಲ್ಲಿತ್ತು. ಡೆಬಿಟ್ ಕಾರ್ಡಿಗೆ ಅರ್ಜಿ ಹಾಕುವ ಪುಟದಲ್ಲಿ ಕೆಳಗೆ ಸಣ್ಣದಾಗಿ "ಕಾರ್ಡ್ ಸುರಕ್ಷಾ ಯೋಜನೆ, ವರ್ಷಕ್ಕೆ 999 ರೂಪಾಯಿ" ಎಂದು ಒಂದು ಸಾಲು, ಅದರ ಪಕ್ಕ ಒಂದು ಚೌಕ. ಆ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿರಬೇಕು ಎಂದು ಬ್ಯಾಂಕಿನವರ ಬೇಡಿಕೆ. ಕೋಡ್ ಬರೆದವಳು ನಾನು. ಒಂದೇ ಒಂದು ಪದ: "ಟ್ರೂ". ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆ ದಿನ ಸಂಜೆ 6.12ರ ಲೋಕಲ್ ಸಿಗುತ್ತದಾ ಎನ್ನುವುದೇ ನನ್ನ ಚಿಂತೆ.

ದೀಪಾವಳಿಗೆ ಸಾಗರಕ್ಕೆ ಹೋದಾಗ ಅಮ್ಮನ ಫೋನಿಗೆ ಆ ಆ್ಯಪ್ ಹಾಕಿಕೊಟ್ಟವಳೂ ನಾನೇ. ಅವರ ಖಾತೆ ಅದೇ ಬ್ಯಾಂಕಿನಲ್ಲಿ. ಕಾರ್ಡು ಬೇಕು ಅಂದರು, ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋದೆ. ತಿಂಗಳಾದ ಮೇಲೆ ಅಮ್ಮ ಫೋನ್ ಮಾಡಿದರು. "ಪಾಸ್‌ಬುಕ್ ಎಂಟ್ರಿ ಹಾಕಿಸಿದೆ ಕಣೇ. 999 ರೂಪಾಯಿ ಹೋಗಿದೆ. ಏನೇ ಇದು?" ಬರೆದವಳೂ ನಾನು, ಒತ್ತಿದವಳೂ ನಾನು. "ಏನೋ ಚಾರ್ಜ್ ಇರಬೇಕು ಬಿಡಮ್ಮ" ಅಂದೆ. ಅಮ್ಮ ಬಿಡಲಿಲ್ಲ. ಶಾಖೆಗೆ ಮೂರು ಸಲ ಹೋದರು. "ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಮೇಡಂ, ಸಿಸ್ಟಮ್ಮಲ್ಲಿ ಇದೆ" ಎಂದು ಕಳಿಸಿದರು. ಸಿಸ್ಟಮ್ಮಲ್ಲಿ ಇದ್ದದ್ದು ನಿಜವೇ.

ಮುಂದಿನ ವರ್ಷ ಆ ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ತಂಡ ತಪಾಸಣೆಗೆ ಬಂತು. ಡೇಟಾಬೇಸಿನಿಂದ ಮಾಹಿತಿ ತೆಗೆದುಕೊಡಲು ನನ್ನನ್ನು ಕರೆಸಿದ್ದರು. ಬ್ಯಾಂಕಿನ ದೊಡ್ಡ ದೊಡ್ಡ ಅಧಿಕಾರಿಗಳು ಸೂಟಿನಲ್ಲಿ ಸಾಲಾಗಿ ಕೂತಿದ್ದಾರೆ. ಎದುರಿಗೆ ಹತ್ತಿ ಸೀರೆ ಉಟ್ಟ ಒಬ್ಬ ಮಹಿಳೆ, ಮುಂದೆ ಒಂದು ನೋಟ್‌ಬುಕ್. ಬಹಳ ಹೊತ್ತು ಏನೇನೋ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ, ಎರಡು ಪ್ರಶ್ನೆ ಕೇಳಿದರು. "ಈ ಪುಟದಲ್ಲಿ ಆ ಟಿಕ್ ತೆಗೆದು ಮುಂದೆ ಹೋದ ಗ್ರಾಹಕರು ಎಷ್ಟು? ತೆಗೆಯದವರಲ್ಲಿ ಈ ಸೇವೆಯನ್ನು ಒಂದು ಸಲವಾದರೂ ಬಳಸಿದವರು ಎಷ್ಟು?"

ಎರಡಕ್ಕೂ ಕ್ವೆರಿ ಓಡಿಸಲು ಐದು ನಿಮಿಷ ಸಾಕಾಯಿತು. ಉತ್ತರ ಪರದೆಯ ಮೇಲೆ ಬಂದಾಗ ಕೋಣೆಯಲ್ಲಿ ಎ.ಸಿ.ಯ ಸದ್ದು ಮಾತ್ರ. ಕೆಲವು ವಾರಗಳಲ್ಲಿ ನಮಗೆ ಬದಲಾವಣೆಯ ಕೋರಿಕೆ ಬಂತು: ಟಿಕ್ ತೆಗೆಯಿರಿ, ಹಣ ವಾಪಸು ಮಾಡುವ ಪಟ್ಟಿ ತಯಾರಿಸಿ. ಆ ಪಟ್ಟಿಯನ್ನು ಓಡಿಸಿದವಳೂ ನಾನೇ. ಅದರಲ್ಲಿ ಅಮ್ಮನ ಹೆಸರೂ ಇತ್ತು. "ದುಡ್ಡು ವಾಪಸ್ ಬಂತು ಕಣೇ, ಮೂರು ಸಲ ಹೋಗಿದ್ದಕ್ಕೆ ಸಾರ್ಥಕ ಆಯ್ತು" ಎಂದು ಅಮ್ಮ ಹೇಳಿದಾಗ, ಹೌದಮ್ಮ ಅಂದೆ. ಪೂರ್ತಿ ಕತೆ ಅವರಿಗೆ ಇವತ್ತೇ ಗೊತ್ತಾಗುವುದು, ಈ ಸಂಚಿಕೆ ಓದಿದರೆ.

ಆ ದಿನದಿಂದ ನನ್ನ ತಲೆಯಲ್ಲಿ ಉಳಿದದ್ದು ಆ ಸೀರೆಯ ಅಧಿಕಾರಿ. ಯಾರವರು? ಆ ಕುರ್ಚಿಗೆ ಹೋಗುವುದು ಹೇಗೆ? ಎಂಜಿನಿಯರಿಂಗ್ ಓದುವಾಗ ಕ್ಯಾಂಪಸ್ ಪ್ಲೇಸ್‌ಮೆಂಟ್ ಬಗ್ಗೆ ಹೇಳಿದವರಿದ್ದರು, ಅಮೆರಿಕದ ಎಂ.ಎಸ್. ಬಗ್ಗೆ ಹೇಳಿದವರಿದ್ದರು. ಇದರ ಬಗ್ಗೆ ಒಬ್ಬರೂ ಹೇಳಿರಲಿಲ್ಲ.

ಹುಡುಕಿದೆ. ರಿಸರ್ವ್ ಬ್ಯಾಂಕಿಗೆ ಅಧಿಕಾರಿಯಾಗಿ ಸೇರುವ ಮುಖ್ಯ ಬಾಗಿಲು 'ಗ್ರೇಡ್ ಬಿ' ನೇರ ನೇಮಕಾತಿ. ಸಾಮಾನ್ಯ ವಿಭಾಗಕ್ಕೆ ಯಾವುದೇ ಪದವಿ ಆಗುತ್ತದೆ, ಶೇ. 60 ಅಂಕ ಇದ್ದರೆ ಸಾಕು, ಎಂ.ಕಾಂ. ಆಗಿರಬೇಕೆಂದೇನಿಲ್ಲ. ಎರಡು ಹಂತದ ಪರೀಕ್ಷೆ, ಆಮೇಲೆ ಸಂದರ್ಶನ. ಅರ್ಥಶಾಸ್ತ್ರ, ಹಣಕಾಸು ಪತ್ರಿಕೆಗಳನ್ನು ಓದಿಯೇ ಬರೆಯಬೇಕು, ಆದರೆ ಓದಿದರೆ ಬರುತ್ತದೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ನಮ್ಮ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲೇ ಇದೆ, ಅಲ್ಲಿ 'ಗ್ರೇಡ್ ಎ'ಗೆ ಐಟಿಯವರಿಗೆಂದೇ ಒಂದು ವಿಭಾಗ ಇರುತ್ತದೆ. ವಿಮೆಯ ನಿಯಂತ್ರಣ ಪ್ರಾಧಿಕಾರ ಹೈದರಾಬಾದಿನಲ್ಲಿ, ಪಿಂಚಣಿಯದು ದೆಹಲಿಯಲ್ಲಿ. ಎಲ್ಲ ಓದಿ ಖುಷಿಯಾಗಿ ಕೊನೆಗೆ ವಯಸ್ಸಿನ ಸಾಲಿಗೆ ಬಂದೆ. 30. ಒಬಿಸಿಗೆ ಮೂರು ವರ್ಷ, ಎಸ್‌ಸಿ, ಎಸ್‌ಟಿಗೆ ಐದು ವರ್ಷ ರಿಯಾಯಿತಿ. ನನಗೆ ಆ ವೇಳೆಗೆ 31 ಮುಗಿದಿತ್ತು, ರಿಯಾಯಿತಿ ಯಾವುದೂ ಅನ್ವಯಿಸುತ್ತಿರಲಿಲ್ಲ.

ಇಲ್ಲಿ ಕೂತಿರುವ ಅಕ್ಕಂದಿರಿಗೆ ನಾನು ಇದನ್ನು ಹೇಳುತ್ತಿರುವುದೇ ಅದಕ್ಕೆ. ನಿಮ್ಮ ಮನೆಯಲ್ಲಿ 20, 21ರ ಮಗಳಿದ್ದರೆ ಈ ಹೆಸರುಗಳು ಅವಳ ಕಿವಿಗೆ ಈಗಲೇ ಬೀಳಲಿ. ಮದುವೆ, ಮಗು, ಗಂಡನ ವರ್ಗಾವಣೆ ಎಲ್ಲವೂ ಬರುವುದು ಸರಿಯಾಗಿ 25ರಿಂದ 30ರ ನಡುವೆ, ಈ ಬಾಗಿಲು ತೆರೆದಿರುವ ಅದೇ ಐದು ವರ್ಷದಲ್ಲಿ.

ಒಳಗೆ ಹೋದ ಮೇಲೆ ಮೇಲೇರುವ ದಾರಿ ಇದೆ. ಬಿ ಎಂದರೆ ಮ್ಯಾನೇಜರ್. ಅಲ್ಲಿಂದ ಸಿ, ಡಿ, ಇ ಎಂದು ಹತ್ತುತ್ತಾ ಎಫ್‌ಗೆ ಬಂದರೆ ಚೀಫ್ ಜನರಲ್ ಮ್ಯಾನೇಜರ್. ಆಮೇಲೆ ಕಾರ್ಯನಿರ್ವಾಹಕ ನಿರ್ದೇಶಕರು, ಡೆಪ್ಯುಟಿ ಗವರ್ನರ್. 2003ರಲ್ಲಿ ಕೆ.ಜೆ. ಉದೇಶಿ ಅವರು ಮೊದಲ ಮಹಿಳಾ ಡೆಪ್ಯುಟಿ ಗವರ್ನರ್ ಆದರು, ಅದೂ ಒಳಗಿನಿಂದಲೇ ಬೆಳೆದು. 2004ರಲ್ಲಿ ಶ್ಯಾಮಲಾ ಗೋಪಿನಾಥ್, 2005ರಲ್ಲಿ ಉಷಾ ಥೋರಟ್. ಗವರ್ನರ್ ಕುರ್ಚಿಯಲ್ಲಿ ಮಾತ್ರ 1935ರಿಂದ ಇಲ್ಲಿಯವರೆಗೆ ಒಬ್ಬ ಮಹಿಳೆಯೂ ಕೂತಿಲ್ಲ. ಸೆಬಿಯಲ್ಲಿ 2022ರಲ್ಲಿ ಮಾಧವಿ ಪುರಿ ಬುಚ್ ಮೊದಲ ಮಹಿಳಾ ಅಧ್ಯಕ್ಷೆ. ಅವರು ಖಾಸಗಿ ವಲಯದಿಂದ ಬಂದವರು. ಗ್ರಾಹಕ ಹಕ್ಕುಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವನ್ನು ಮುಖ್ಯ ಆಯುಕ್ತರಾಗಿ ನಡೆಸಿದವರು ನಿಧಿ ಖರೆ, ಐಎಎಸ್ ದಾರಿಯಿಂದ ಬಂದವರು. 2023ರ ನವೆಂಬರಿನಲ್ಲಿ ಆ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ಎಂಬ ಹೆಸರಿನಲ್ಲಿ ಆನ್‌ಲೈನ್ ವ್ಯವಹಾರದ 13 ಬಗೆಯ ಕುತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು ಅದರಲ್ಲಿ ಒಂದು. ಆ ಪಟ್ಟಿ ಓದಿದಾಗ ನನ್ನ ಹಳೆಯ ಕೋಡಿನ ಸಾಲನ್ನು ಯಾರೋ ಸರ್ಕಾರಿ ಭಾಷೆಯಲ್ಲಿ ಬರೆದ ಹಾಗಿತ್ತು.

ನಾಯಕತ್ವ ಎಂದರೆ ನಾವು ವೇದಿಕೆ, ಮೈಕು, ಹಾರ ಅಂದುಕೊಳ್ಳುತ್ತೇವೆ. ಅಲ್ಲಿ ನಾಯಕತ್ವ ಇರುವುದು ಒಂದು ಸುತ್ತೋಲೆಯ ಕೆಳಗಿನ ಸಹಿಯಲ್ಲಿ. ಒಂದು ಉದಾಹರಣೆ ಹೇಳುತ್ತೇನೆ, ಇದನ್ನು ನೀವು ಮನೆಗೂ ತೆಗೆದುಕೊಂಡು ಹೋಗಬಹುದು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ನಡುವೆ ಎಲ್ಲೋ ಲೋಪವಾಗಿ ಖಾತೆಯಿಂದ ಹಣ ಹೋದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ ಎಂದು ಅದು ಹೇಳಿತು. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ ಎಂದಿತ್ತು. ತಿಳಿಸಿದ ಹತ್ತು ಕೆಲಸದ ದಿನದಲ್ಲಿ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು ಎಂದೂ ಇತ್ತು. ಎಲ್ಲಕ್ಕಿಂತ ದೊಡ್ಡದು, ತಪ್ಪು ಗ್ರಾಹಕರದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನ ಮೇಲೆ. ಒಟಿಪಿ ನೀವೇ ಹೇಳಿದ್ದರೆ ಆ ಸುತ್ತೋಲೆಯಲ್ಲಿ ಈ ರಕ್ಷಣೆ ಇರಲಿಲ್ಲ. ನೀವು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ ಎಂದಿತ್ತು. ಇಂಥ ಸುತ್ತೋಲೆಗಳ ಕೆಳಗೆ ಸಾಮಾನ್ಯವಾಗಿ ಇರುವುದು ಒಬ್ಬ ಚೀಫ್ ಜನರಲ್ ಮ್ಯಾನೇಜರ್ ಸಹಿ. ಆ ಹೆಸರು ಯಾರಿಗೂ ನೆನಪಿರುವುದಿಲ್ಲ. ಸಾಬೀತಿನ ಹೊಣೆ ಯಾರದು ಎಂಬ ಆ ಒಂದು ವಾಕ್ಯ ಮಾತ್ರ ದೇಶದ ಎಲ್ಲ ಶಾಖೆಗಳಲ್ಲಿ ಕೆಲಸ ಮಾಡುತ್ತದೆ.

ಒಂಬುಡ್ಸ್‌ಮನ್ ಕೂಡ ಹಾಗೆಯೇ. 2021ರ ನವೆಂಬರಿನಿಂದ ಬ್ಯಾಂಕು, ಫೈನಾನ್ಸ್ ಕಂಪನಿ, ವಾಲೆಟ್ ಎಲ್ಲಕ್ಕೂ ಒಂದೇ ಯೋಜನೆ ಬಂತು. ಮೊದಲು ಬ್ಯಾಂಕಿಗೆ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಆ ಕುರ್ಚಿಯಲ್ಲಿ ಕೂರುವವರು ರಿಸರ್ವ್ ಬ್ಯಾಂಕಿನ ಹಿರಿಯ ಅಧಿಕಾರಿಗಳೇ. ಅಮ್ಮ ಶಾಖೆಗೆ ಮೂರು ಸಲ ಅಲೆದಾಗ ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

"ಇದೆಲ್ಲ ಗಂಡಸರ ಲೆಕ್ಕಾಚಾರ" ಎಂದು ಯಾರಾದರೂ ಅಂದರೆ ನನಗೆ ನನ್ನ ಅಜ್ಜಿ ನೆನಪಾಗುತ್ತಾರೆ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ ಪಿಗ್ಮಿ ನಿಮಗೆಲ್ಲ ಗೊತ್ತು, ಕರಾವಳಿಯವರಿಗಂತೂ ಹೇಳಬೇಕಾಗಿಲ್ಲ. ನಮ್ಮ ಮನೆಗೂ ದಿನಾ ಸಂಜೆ ಪಿಗ್ಮಿಯವರು ಬರುತ್ತಿದ್ದರು. ಅವರು ಪುಸ್ತಕದಲ್ಲಿ ಬರೆದುಕೊಂಡು ಹೋದ ಮೇಲೆ ಅಜ್ಜಿ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದರು. ತಿಂಗಳ ಕೊನೆಗೆ ಗೀಟಿಗೂ ಪುಸ್ತಕಕ್ಕೂ ತಾಳೆ ನೋಡುವುದು. ಒಂದು ಸಲ ಎರಡು ಗೀಟು ಹೆಚ್ಚಿದ್ದವು. ಅಜ್ಜಿ ಜಗಳ ಆಡಲಿಲ್ಲ. ಅವರನ್ನು ಕೂರಿಸಿ, ಕಾಫಿ ಕೊಟ್ಟು, ಬಾಗಿಲು ತೋರಿಸಿದರು. ಮೇಲ್ವಿಚಾರಣೆ ಅಂದರೆ ಇಷ್ಟೇ. ಅವರು ಕೊಟ್ಟ ಲೆಕ್ಕ ಅವರದು, ನಮ್ಮ ಲೆಕ್ಕ ನಮ್ಮದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು.

ಕಷ್ಟಗಳಿಲ್ಲ ಎನ್ನುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇದೆ, ತಪಾಸಣೆಗೆ ಊರೂರು ಸುತ್ತಬೇಕು. ಐಟಿಯ ಹೈಕ್ ನೋಡಿ ಅಭ್ಯಾಸವಾದವರಿಗೆ ಸಂಬಳ ಕಡಿಮೆ ಅನ್ನಿಸಬಹುದು. ಸಿಕ್ಕಿದ್ದನ್ನು ಹೊರಗೆ ಹೇಳಿಕೊಳ್ಳುವಂತಿಲ್ಲ. ಆ ಸೀರೆಯ ಅಧಿಕಾರಿಗೆ ನನ್ನ ಅಮ್ಮನ 999 ರೂಪಾಯಿ ವಾಪಸಾದದ್ದು ಎಂದಿಗೂ ಗೊತ್ತಾಗುವುದಿಲ್ಲ.

ಇನ್ನು 30 ದಾಟಿದ ನನ್ನಂಥವರು. ಅಲ್ಲೂ ಬಾಗಿಲುಗಳಿವೆ, ಸ್ವಲ್ಪ ಚಿಕ್ಕವು. ಇವತ್ತು ಬ್ಯಾಂಕಿನ ತಪಾಸಣೆ ಎಂದರೆ ಅರ್ಧ ಕಂಪ್ಯೂಟರಿನ ತಪಾಸಣೆ. ಹಾಗಾಗಿ ಸೈಬರ್ ಭದ್ರತೆ, ಡೇಟಾ ವಿಜ್ಞಾನ ಬಲ್ಲವರನ್ನು ರಿಸರ್ವ್ ಬ್ಯಾಂಕ್ ಆಗಾಗ ಗುತ್ತಿಗೆಯ ಮೇಲೆ ಕರೆಯುತ್ತದೆ. ಅದರದೇ ಐಟಿ ಅಂಗಸಂಸ್ಥೆ 'ರೆಬಿಟ್' ನಮ್ಮ ನವಿ ಮುಂಬೈಯಲ್ಲೇ ಇದೆ. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್, ವಂಚಕರು ಹಣ ಸಾಗಿಸಲು ಬಳಸುವ 'ಮ್ಯೂಲ್' ಖಾತೆಗಳನ್ನು ಹಿಡಿಯುವ ಸಾಫ್ಟ್‌ವೇರ್ ಮಾಡಿದೆ.

ನನಗೆ ಹೆಚ್ಚು ಇಷ್ಟವಾದ ಬಾಗಿಲು ಇನ್ನೊಂದು, ಜಿಲ್ಲಾ ಗ್ರಾಹಕ ಆಯೋಗದ ಸದಸ್ಯತ್ವ. ಬ್ಯಾಂಕು, ವಿಮೆಯ ವಿರುದ್ಧದ ದೂರುಗಳು ಅಲ್ಲಿಗೂ ಬರುತ್ತವೆ. 2020ರ ನಿಯಮದ ಪ್ರಕಾರ ಅಲ್ಲಿ ಅಧ್ಯಕ್ಷರು, ಸದಸ್ಯರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಅನುಭವ ಇರಬೇಕಾದ ಕ್ಷೇತ್ರಗಳಲ್ಲಿ ಕಾನೂನು, ವಾಣಿಜ್ಯದ ಜೊತೆ ಎಂಜಿನಿಯರಿಂಗ್, ತಂತ್ರಜ್ಞಾನವೂ ಇದೆ. ಮೊದಲು 15 ವರ್ಷದ ಅನುಭವ ಕೇಳಿದ್ದರು. ಮಹಾರಾಷ್ಟ್ರದಿಂದಲೇ ಹೋದ ಒಂದು ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ 10 ವರ್ಷ ಸಾಕು, ಲಿಖಿತ ಪರೀಕ್ಷೆ ನಡೆಸಿ ಎಂದಿತು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನದ ಜಾಹೀರಾತನ್ನೇ ನಂಬಿ, ನನ್ನ ಭಾಷಣವನ್ನಲ್ಲ. ಆ ನಿಯಮದಲ್ಲೂ ವಯಸ್ಸಿನ ಒಂದು ಸಾಲಿದೆ. ಆದರೆ ಈ ಸಲ ಅದು ಉಲ್ಟಾ: 35 ತುಂಬಿರಬೇಕು.

ಬರುವ ಮಾರ್ಚಿಗೆ ನನಗೆ 35. ನಮ್ಮ ಮನೆಯವರು ಈಗಾಗಲೇ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪುಸ್ತಕ ತಂದು ಟಿ.ವಿ. ಪಕ್ಕ ಇಟ್ಟಿದ್ದಾರೆ. ಮಗಳಿಗೆ ಪರೀಕ್ಷೆ ಇರುವಾಗ ನಾನೂ ಅವಳ ಎದುರು ಕೂತು ಓದುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಇದೆ. ಮಗಳಿಗೋ ಸೊಸೆಗೋ ಈ ಪರೀಕ್ಷೆಗಳ ಬಗ್ಗೆ ಕೇಳಬೇಕೆಂದಿರುವವರು ಬನ್ನಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬ್ಯಾಗಿನಲ್ಲಿ ತಂದಿದ್ದೇನೆ.